ಕಿರುನಾದಲ್ಲಿ ಬಿಸಿಬೇಳೆಬಾತು

“ಏಯ್ ಗಂಗಾ, ಕಿವಿಗೆ ಸೀಸ ಹುಯ್ಕೊಂಡಿದ್ದೀಯಾ? ಆಗ್ಲಿಂದ ಕೂಗ್ತಾ ಇದ್ದೀನಿ, ಮುಂಡೇದು ತಿರುಗೂ ನೋಡಲ್ಲ.”

ಗಾಳೆಮ್ಮ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಸೊಕ್ಕಿನಿಂದಲ್ಲ. ಗಂಗಾ ಎಂಬ ಹೆಸರು ಅವಳಿಗೆ ಬಂದು ಇನ್ನೂ ಒಂದು ದಿನ ತುಂಬಿರಲಿಲ್ಲ. ಪಕ್ಕದಲ್ಲಿ ಬೇಳೆ ತೊಳೆಯುತ್ತಿದ್ದ ಗಫೂರ್ ಮೊಣಕೈಯಿಂದ ತಿವಿದ.

“ಅಕ್ಕಾ, ನಿನ್ನೇ ಕರೀತಿರೋದು. ಗಂಗಾ ಅಂದ್ರೆ ನೀನು.”

“ಹೌದಲ್ಲ, ಮರ್ತೇ ಬಿಟ್ಟಿದ್ದೆ,” ಎಂದು ಅವಳು ತಿರುಗಿದಳು. “ಏನ್ ಸಾರ್?”

“ಏನ್ ಸಾರ್ ಅಂತೆ. ತಲೆಗೆ ಟೋಪಿ ಹಾಕ್ಕೋ, ಕೈಗೆ ಗ್ಲೌಸ್ ಹಾಕ್ಕೋ. ಮಹಾಬಲೇಶ್ವರ್ ಸಾರ್ ಅಡುಗೆಮನೆ ನೋಡೋಕೆ ಬರ್ತಿದಾರೆ. ಕೇಳಿದ್ದಕ್ಕಷ್ಟೇ ಬಾಯಿ ಬಿಡು.”

ಹೀಗೆ ಕೂಗುತ್ತಿದ್ದ ರಾಮಮೂರ್ತಿ ಸ್ಟಾಕ್‌ಹೋಮಿನಲ್ಲಿ ಮೆಸ್ ನಡೆಸುವವನು. ನಾಮಕರಣ, ಗಣೇಶನ ಹಬ್ಬ, ಯುಗಾದಿ, ಯಾವುದೇ ಇರಲಿ, ಅಲ್ಲಿನ ಕನ್ನಡಿಗರಿಗೆ ಅವನದೇ ಊಟ. ಗಾಳೆಮ್ಮ, ಗಫೂರ್ ಇಬ್ಬರೂ ಅವನ ಹೆಸರಿನ ಕೆಲಸದ ಪರ್ಮಿಟ್ಟಿನ ಮೇಲೆ ಆ ದೇಶಕ್ಕೆ ಬಂದ ಅಡುಗೆಯವರು. ಅವನು ಬೇಡವೆಂದರೆ ಮುಂದೇನು ಎನ್ನುವುದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗದಂತೆ ರಾಮಮೂರ್ತಿಯೂ ನೋಡಿಕೊಂಡಿದ್ದ.

ಜೂನ್ ತಿಂಗಳ ಹಬ್ಬದ ರಜೆಗೆ ಸ್ಟಾಕ್‌ಹೋಮ್ ಮತ್ತು ಲಿಂಕೋಪಿಂಗಿನ ಕೆಲವು ಕುಟುಂಬಗಳು ಕೂಡಿ ಕಿರುನಾ ನೋಡಲು ಹೊರಟಿದ್ದವು. ದೇಶದ ತೀರಾ ಉತ್ತರದಲ್ಲಿ, ಎತ್ತರದ ಮೇಲೆ ಕೂತ ಕಬ್ಬಿಣದ ಗಣಿಯ ಊರು ಅದು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಯಾತ್ರಿಕರು ರೈಲಿನಲ್ಲಿ ಬಂದರು. ಅಕ್ಕಿ, ಬೇಳೆ, ಪಾತ್ರೆಗಳ ಜೊತೆಗೆ ಅಡುಗೆಯವರು ವ್ಯಾನಿನಲ್ಲಿ ಬಂದರು. ಎಲ್ಲರೂ ಇಳಿದುಕೊಂಡದ್ದು ಊರಂಚಿನ ಒಂದು ಪ್ರವಾಸಿ ಕ್ಯಾಂಪಿನಲ್ಲಿ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ರಾಮಮೂರ್ತಿ ಇಬ್ಬರಿಗೂ ನಾಮಕರಣ ಮಾಡಿದ್ದ.

“ಈ ಗುಂಪಲ್ಲಿ ಸ್ವಲ್ಪ ಮಡಿ ಜನ ಇದಾರೆ. ನೀನು ಗಂಗಾ. ಶಿವಮೊಗ್ಗ ಕಡೆ, ಲಿಂಗಾಯತರು. ಇವನು ಗೋಪಾಲ. ಅಷ್ಟೇ.”

“ಗೋಪಾಲ ಅಂದ್ರೆ ಕೊಳಲೂ ಊದ್ಬೇಕಾ ಸಾರ್?” ಎಂದು ಗಫೂರ್ ಕೇಳಿದ್ದ.

“ಬಾಯಿ ಮುಚ್ಕೊಂಡು ಗಾಡಿ ಓಡ್ಸೋ ಬೋಳಿಮಗನೆ.”

ಗಾಳೆಮ್ಮನಿಗೆ ಆಗ ನಗು ತಡೆಯಲಾಗಿರಲಿಲ್ಲ. ಅವಳು ಸಂಡೂರಿನ ಕಡೆಯವಳು, ಊರ ಹೊರಗಿನ ಕೇರಿಯವಳು. ಗಂಡ ಸತ್ತ ಮೇಲೆ ಹೊಸಪೇಟೆಯ ಹೋಟೆಲಿನಲ್ಲಿ ಪಾತ್ರೆ ತೊಳೆದು, ಬೆಂಗಳೂರಿನ ಮೆಸ್ಸಿನಲ್ಲಿ ಒಲೆ ಮುಂದೆ ನಿಂತು, ಅಲ್ಲಿಂದ ಇಲ್ಲಿಗೆ ಬಂದಿದ್ದಳು. ಮಗಳು ಬಳ್ಳಾರಿಯ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಳು. ‘ನನ್ನ ಹೆಸರು ಬದಲಾತು ಕಣೇ’ ಎಂದು ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳೂ ಬಿದ್ದುಬಿದ್ದು ನಕ್ಕಿದ್ದಳು.

ಮಹಾಬಲೇಶ್ವರ ಅಡುಗೆಮನೆಗೆ ಬಂದ. ಲಿಂಕೋಪಿಂಗಿನಲ್ಲಿ ವಿಮಾನದ ಕಂಪನಿಯೊಂದರಲ್ಲಿ ದೊಡ್ಡ ಎಂಜಿನಿಯರ್. ಯುಗಾದಿಯ ದಿನ ಕನ್ನಡ ಸಂಘದ ಪೂಜೆಗೆ ಕೂರುವವನೂ ಅವನೇ. ಕೈ ಹಿಂದೆ ಕಟ್ಟಿಕೊಂಡು ಒಲೆ, ನಲ್ಲಿ, ಕಸದ ಬುಟ್ಟಿ ಎಲ್ಲ ನೋಡಿದ.

“ಎಲ್ಲಾ ಕ್ಲೀನಾಗಿದೆ ತಾನೆ? ನಮ್ಮತ್ತೆಯವರು ಊರಿಂದ ಬಂದಿದಾರೆ, ಅದಕ್ಕೆ ಕೇಳ್ದೆ.” ಆಮೇಲೆ ಗಾಳೆಮ್ಮನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ. “ನಿಮ್ಮದು ಯಾವ ಮಠಕ್ಕೆ ನಡ್ಕೊಳ್ಳೋದಮ್ಮಾ?”

“ದೊಡ್ಡ ಮಠನ ಐತ್ರಿ ಸಾರ್. ಊರ ಹೊರಗೈತಿ.”

ಗಫೂರ್‌ಗೆ ಕೆಮ್ಮು ಬಂತು. ಬೇಳೆಯ ಪಾತ್ರೆಯೊಳಗೆ ಮುಖ ಬಗ್ಗಿಸಿಕೊಂಡ.

ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಮಾಡಿದ್ದನ್ನು ಅಲ್ಲಿಡಬೇಕು, ಹಾಲಿಗೆ ಹೋಗಬಾರದು, ಬಡಿಸುವುದು ಗುಂಪಿನ ಹುಡುಗರೇ ಎಂದು ಮಹಾಬಲೇಶ್ವರ ತೀರ್ಮಾನ ಹೇಳಿದ. ರಾಮಮೂರ್ತಿ ತಲೆಯಾಡಿಸಿದ ರಭಸಕ್ಕೆ ಅವನ ಕನ್ನಡಕ ಮೂಗಿನ ತುದಿಗೆ ಬಂತು.

ಮರುದಿನ ಎಲ್ಲರೂ ಅಬಿಸ್ಕೊ ನೋಡಲು ಹೊರಟರು. ಯಾತ್ರಿಕರಿಗೆ ಬಾಡಿಗೆ ಬಸ್ಸು, ಹಿಂದೆ ಪುಳಿಯೋಗರೆಯ ಪಾತ್ರೆಗಳ ಜೊತೆ ವ್ಯಾನು. ಬಸ್ಸಿನಲ್ಲಿ ಹಿಂದಿನ ಸೀಟುಗಳು ಖಾಲಿ ಇದ್ದವು. “ಅಲ್ಲಿ ಬ್ಯಾಗ್ ಇಡ್ತೀವಿ” ಎಂದು ಯಾರೋ ಹೇಳಿದರು.

“ಬ್ಯಾಗಿಗೂ ಕಿಟಕಿ ಸೀಟ್ ಬೇಕಕ್ಕ, ಅದಕ್ಕೂ ನೋಡೋ ಆಸೆ ಇರ್ತೈತೆ,” ಎಂದ ಗಫೂರ್.

ದಾರಿಯ ಬಲಕ್ಕೆ ಕೆರೆ ಶುರುವಾಯಿತು. ಕೆರೆ ಅನ್ನುವುದು ಗಾಳೆಮ್ಮನ ಮಾತು. ಅದು ಮುಗಿಯಲೇ ಇಲ್ಲ. ತೋರ್ನೆತ್ರೆಸ್ಕ್ ಎಂದು ಗಫೂರ್ ಬೋರ್ಡು ಓದಿದ. ಜೂನ್ ಬಂದಿದ್ದರೂ ನಡುನೀರಿನಲ್ಲಿ ಹಿಮದ ಹಾಳೆಗಳು ತೇಲುತ್ತಿದ್ದವು. ದಡದ ಹಳಿಯ ಮೇಲೆ ಅದಿರು ತುಂಬಿದ ರೈಲು ಪಶ್ಚಿಮದ ಬಂದರಿನ ಕಡೆಗೆ ಹೋಗುತ್ತಿತ್ತು. ಡಬ್ಬಿಯ ಹಿಂದೆ ಡಬ್ಬಿ, ಎಲ್ಲದರಲ್ಲೂ ಕಪ್ಪು ಅದಿರು.

“ನಮ್ಮೂರಾಗ ಇಂಥವ ಲಾರಿ ಹೋಗ್ತಿದ್ವು,” ಎಂದಳು ಗಾಳೆಮ್ಮ. “ನಮ್ದು ಕೆಂಪು. ಹಾಕ್ಕೊಂಡ ಬಟ್ಟೆ ಕೆಂಪು, ಉಗುಳಿದ್ರ ಕೆಂಪು. ನಮ್ಮವ್ವ ನನ್ನ ತಲಿ ಬಾಚಿ ಬಾಚಿ ಸಾಕಾಗಿ, ‘ಹೋಗ್ಲಿ ಬಿಡು, ಕೆಂಚಿ ಹುಟ್ಯಾಳಂತ ತಿಳ್ಕೊಂತೀನಿ’ ಅಂತಿದ್ಲು.”

ಎದುರಿಗೆ ಬೆಟ್ಟಗಳ ನಡುವೆ ಒಂದು ದೊಡ್ಡ ಕಣಿವೆ ಕಾಣಿಸಿತು. ಯಾರೋ ದೈತ್ಯ ಸೌಟಿನಿಂದ ತುಪ್ಪ ತೆಗೆದುಕೊಂಡ ಹಾಗೆ ನಡುವೆ ನುಣ್ಣಗೆ ತಗ್ಗಾಗಿತ್ತು. ಅಬಿಸ್ಕೊದಲ್ಲಿ ನದಿ ಬಂಡೆಗಳನ್ನು ಆಳಕ್ಕೆ ಸೀಳಿಕೊಂಡು ಬಿಳಿ ನೊರೆಯಾಗಿ ಧುಮುಕುತ್ತಿತ್ತು. ಎಲ್ಲರೂ ಫೋಟೋಗೆ ಓಡಿದರು. ಇಬ್ಬರು ಅಡುಗೆಯವರು ಪಾತ್ರೆಗಳನ್ನು ಹೊತ್ತು ಇಳಿಜಾರಿನಲ್ಲಿ ಮರದ ಬೆಂಚುಗಳವರೆಗೆ ಇಳಿದರು.

ಊಟ ಹಂಚಿದ್ದಾಯಿತು. ಮಹಾಬಲೇಶ್ವರನ ಅತ್ತೆ ಕಾಂಚನಾ ಒಂದು ಬಂಡೆಯ ಮೇಲೆ ಶಾಲು ಹೊದ್ದು ಕೂತಿದ್ದರು. ಬಾಯಾರಿಕೆ ಎಂದರು. ಗಾಳೆಮ್ಮ ನೀರಿನ ಬಾಟಲಿ ಚಾಚಿದಳು. ಕೈ ಬೆರಳುಗಳನ್ನು ಒಳಗೆಳೆದುಕೊಂಡು ಕಾಂಚನಾ ನೆಲ ತೋರಿಸಿದರು.

“ಅಲ್ಲಿಡಮ್ಮ. ತಗೋತೀನಿ.”

ಅವಳು ಇಟ್ಟಳು. ಇಟ್ಟ ಬಾಟಲಿಯನ್ನು ಮುದುಕಿ ಬಗ್ಗಿ ತೆಗೆದುಕೊಳ್ಳಲು ಕಷ್ಟಪಟ್ಟರು. ಗಾಳೆಮ್ಮ ಅದನ್ನು ನೋಡುತ್ತಾ ನಿಂತಳೇ ಹೊರತು ಎತ್ತಿಕೊಡಲಿಲ್ಲ.

ಇಬ್ಬರಿಗೂ ವ್ಯಾನಿನ ಹಿಂದೆ ಊಟ ಎಂದು ರಾಮಮೂರ್ತಿ ಕೈ ತೋರಿಸಿದ. ಅವರು ತಟ್ಟೆ ಹಿಡಿದು ವ್ಯಾನಿನ ಹಿಂದೆ ಹೋದರು, ಅಲ್ಲಿ ನಿಲ್ಲಲಿಲ್ಲ. ಮೋಟು ಮೋಟು ಬರ್ಚ್ ಮರಗಳ ನಡುವಿನ ದಾರಿ ಹಿಡಿದು ಕೆರೆಯ ದಡಕ್ಕೆ ಇಳಿದರು. ಗಾಳೆಮ್ಮ ಚಪ್ಪಲಿ ಬಿಟ್ಟು ಸೀರೆ ಎತ್ತಿಕಟ್ಟಿ ನೀರಿಗೆ ಕಾಲಿಟ್ಟಳು. ಇಟ್ಟವಳೇ ಹೌಹಾರಿ ಹಿಂದಕ್ಕೆ ಜಿಗಿದಳು. ಮತ್ತೆ ಇಟ್ಟಳು. ತಣ್ಣಗೆ ಕೊರೆಯುವ ನೀರು ಮೊಣಕಾಲಿನವರೆಗೆ ಬಂದಾಗ ಅವಳ ಹಲ್ಲು ಕಟಕಟ ಸದ್ದು ಮಾಡುತ್ತಿತ್ತು, ನಗುವೂ ಬರುತ್ತಿತ್ತು.

“ಏ ಗೋಪಾಲಾ, ಬಾರೋ. ಗೋಪಿಯರ ಸೀರಿ ಕದ್ದೀಯ, ಹುಷಾರು.”

“ನಿನ್ ಸೀರೆ ಯಾರಿಗೆ ಬೇಕಕ್ಕ, ಹಿಂಗಿನ ವಾಸ್ನೆ,” ಎಂದು ಗಫೂರ್ ಪ್ಯಾಂಟು ಮಡಚಿದ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ಬೆಳೆದವನು. ಹಿಮದ ನೀರು ಕಾಲಿಗೆ ತಾಕಿದ್ದೇ ‘ಯಾ ಅಲ್ಲಾ’ ಎಂದ. ಗೋಪಾಲನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೆಯ ದಿನ ಊರು ಮತ್ತು ಗಣಿ. ಕಿರುನಾ ಊರು ಜಾಗ ಬಿಟ್ಟು ಜಾಗಕ್ಕೆ ಹೋಗುತ್ತಿತ್ತು. ಕೆಳಗೆ ಅದಿರು ತೆಗೆದು ತೆಗೆದು ನೆಲ ಕುಸಿಯುತ್ತದೆಂದು ಮನೆ, ಅಂಗಡಿ, ಕಚೇರಿಗಳನ್ನು ಪೂರ್ವಕ್ಕೆ ಸಾಗಿಸುತ್ತಿದ್ದರು. ದೊಡ್ಡ ಮರದ ಚರ್ಚನ್ನು ಕಳಚದೆ, ಇಡಿಯಾಗಿ ಗಾಲಿಗಳ ಮೇಲೆ ಕೂರಿಸಿ ತಂದಿದ್ದರಂತೆ. ಅದರ ಕೆಂಪು ಗೋಡೆ ನೋಡುತ್ತಾ ಗಾಳೆಮ್ಮ ಬಹಳ ಹೊತ್ತು ನಿಂತಳು. ಅವಳ ಊರ ಪಕ್ಕದ ಗುಡ್ಡವನ್ನು ಅಗೆಯುವಾಗ ಕೇರಿಯ ಗುಡಿಯನ್ನು ಒಂದು ಮಧ್ಯಾಹ್ನದಲ್ಲಿ ಜೆಸಿಬಿ ತಂದು ಒರೆಸಿದ್ದರು. ಹುಲಿಗೆಮ್ಮನ ಮೂರ್ತಿಯನ್ನು ಅವ್ವ ಸೆರಗಿನಲ್ಲಿ ಸುತ್ತಿ ಮನೆಗೆ ತಂದಿದ್ದಳು.

ಗಣಿಯ ಬಾಗಿಲಲ್ಲಿ ಗೈಡು ಹೆಲ್ಮೆಟ್ ಹಂಚುತ್ತಿದ್ದಳು. ಬಿಳಿಗೂದಲಿನ ಗಟ್ಟಿ ಹೆಂಗಸು. ಹೆಸರು ಮಾರಿತ್. ಅಡುಗೆಯವರ ಸರದಿ ಬಂದಾಗ ರಾಮಮೂರ್ತಿ ಅಡ್ಡ ನಿಂತು ಇವರು ಸ್ಟಾಫ್, ಬಸ್ಸಿನಲ್ಲಿರುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಬಸ್ಸು ಗಣಿಯೊಳಕ್ಕೇ ಹೋಗುವುದು, ಒಳಗೆ ಬಂದವರೆಲ್ಲ ಹೆಲ್ಮೆಟ್ ಹಾಕಬೇಕು, ಹಾಕಿದವರೆಲ್ಲ ನನ್ನ ಜೊತೆಯೇ ಇರಬೇಕು ಎಂದು ಮಾರಿತ್ ಎರಡು ಹೆಲ್ಮೆಟ್‌ಗಳನ್ನು ಅವನ ಭುಜದ ಮೇಲಿಂದಲೇ ದಾಟಿಸಿದಳು.

ಥ್ಯಾಂಕ್ಸ್ ಹೇಳಲು ಗಾಳೆಮ್ಮ ತಾನು ಕಲಿತಿದ್ದ ನಾಲ್ಕು ಸ್ವೀಡಿಷ್ ಮಾತುಗಳಲ್ಲಿ ಒಂದನ್ನು ತೆಗೆದಳು. “ತಕ್, ಮಾರೆಮ್ಮಾ.”

“ಮಾರಿತ್,” ಎಂದು ಅವಳು ತಿದ್ದಿದಳು.

“ಅದ ಅದ. ನಮ್ಮೂರಾಗ ಮಾರೆಮ್ಮ ಅಂತೀವಿ.”

ಬಸ್ಸು ಸುರಂಗದಲ್ಲಿ ಸುತ್ತಿ ಸುತ್ತಿ ಬೆಟ್ಟದ ಹೊಟ್ಟೆಗೆ ಇಳಿಯಿತು. ಒಳಗೆ ದೊಡ್ಡ ಹಾಲು, ಹಳೆಯ ಯಂತ್ರಗಳು, ಮಸಿ ಮುಖದ ಗಣಿ ಕೆಲಸಗಾರರ ಚಿತ್ರಗಳು. ಈಗ ಕಲ್ಲು ಎತ್ತುವ ಗಾಡಿಗಳನ್ನು ದೂರದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ನಡೆಸುತ್ತಾರೆಂದು ಮಾರಿತ್ ವಿವರಿಸಿದಳು. ಗಫೂರ್ ಅದನ್ನು ಕನ್ನಡ ಮಾಡಿ ಹೇಳಿದ. ಕುರ್ಚಿಯ ಮಾತು ಕೇಳಿ ಗಾಳೆಮ್ಮನಿಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಒಳ್ಳೆಯದಾಯಿತು ಅನ್ನಿಸಿತು.

ಗುಂಪಿನಲ್ಲಿ ಗಾಳೆಮ್ಮನದೇ ಓರಗೆಯ ವಿಶಾಲ್ ಎಂಬವನಿದ್ದ. ಸ್ಟಾಕ್‌ಹೋಮಿನ ಬ್ಯಾಂಕೊಂದರಲ್ಲಿ ಕೆಲಸ, ಊರು ಹೊಸಪೇಟೆ. ಗಣಿಯೊಳಕ್ಕೆ ಬಂದಾಗಿನಿಂದ ಅವನ ಎದೆ ಉಬ್ಬಿತ್ತು. ಅದಿರಿನ ಬಂಡೆಯ ಮೇಲೆ ಕಾಲಿಟ್ಟು ನಿಂತು ಗಾಳೆಮ್ಮನ ಕೈಗೆ ಫೋನ್ ಕೊಟ್ಟ.

“ಒಂದ್ ವಿಡಿಯೋ ಮಾಡಮ್ಮಾ ಗಂಗಾ. ಅಡ್ಡಡ್ಡ ಹಿಡ್ಕೋ.” ಆಮೇಲೆ ಫೋನಿನ ಕಡೆ ನೋಡಿ ಶುರು ಮಾಡಿದ. “ಸೋ ಫ್ರೆಂಡ್ಸ್, ಇದು ನಂಗೆ ಹೊಸದೇನಲ್ಲ. ಸಂಡೂರ್ ರೋಡಲ್ಲಿ ನಮ್ದೇ ಅದಿರಿನ ಪ್ಲಾಟ್ ಇತ್ತು, ನೀಲಿ ಗೇಟು. ನಮ್ ಡ್ಯಾಡಿ ಸಾವಿರಾರು ಬಡವರಿಗೆ ಅನ್ನ ಹಾಕಿದಾರೆ. ಇವತ್ತಿಗೂ ಹಳ್ಳಿ ಜನ ನೆನೆಸ್ಕೋತಾರೆ.”

“ನೆನಸ್ತೀವ್ರಿ ಸಾರ್,” ಎಂದಳು ಗಾಳೆಮ್ಮ.

ಬಾಯಿಂದ ಬಂದುಬಿಟ್ಟಿತ್ತು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು.

“ಏನು?”

“ನೀಲಿ ಗೇಟು ನನಗ ಗೊತ್ತು ಸಾರ್. ನಾವು ಅದರ ಬಾಜೂ ಪ್ಲಾಟಿನ್ಯಾಗ ಇದ್ವಿ. ನಾನು, ನಮ್ಮವ್ವ. ಅದಿರು ಒಡಿಯಾದು, ಜರಡಿ ಹಿಡಿಯಾದು. ನಾನು ಇಷ್ಟಿದ್ದೆ.” ಅವಳು ಕೈಯಿಂದ ಸೊಂಟದ ಎತ್ತರ ತೋರಿಸಿದಳು. “ನಮ್ ಪ್ಲಾಟಿನ್ಯಾಗ ನೀರಿರ್ಲಿಲ್ಲ. ನಿಮ್ ಗೇಟಿನ ಒಳಗ ಬೋರ್ ಇತ್ತು. ಕೊಡ ತಗಂಡು ಬಂದ್ರ ನಿಮ್ ವಾಚ್‌ಮನ್ ನಾಯಿ ಬಿಡ್ತಿದ್ದ. ‘ನೀವು ಮುಟ್ಟಿದ್ರ ಸಾವ್ಕಾರ್ರು ಆ ನೀರು ಕುಡಿಯಂಗಿಲ್ಲ’ ಅಂತಿದ್ದ.”

ವಿಶಾಲನ ಕಾಲು ಬಂಡೆಯಿಂದ ಇಳಿಯಿತು.

“ನಂಗೆ ಅದೆಲ್ಲ ಗೊತ್ತಿಲ್ಲ. ನಾನಾಗ ಬೋರ್ಡಿಂಗ್ ಸ್ಕೂಲಲ್ಲಿದ್ದೆ.”

“ಇರ್ಲಿ ಬಿಡ್ರಿ ಸಾರ್, ಹಳೇ ಮಾತು.” ಅವಳಿಗೆ ನಿಜಕ್ಕೂ ಸಿಟ್ಟು ಬಂದಿರಲಿಲ್ಲ. ಇಷ್ಟು ದೂರ ಬಂದು, ಬೆಟ್ಟದ ಹೊಟ್ಟೆಯೊಳಗೆ, ನೀಲಿ ಗೇಟಿನ ಹುಡುಗ ಸಿಕ್ಕಿದ್ದಕ್ಕೆ ತಮಾಷೆ ಅನ್ನಿಸಿತ್ತು. “ಆವಾಗ ನಿಮ್ ನೀರು ಮುಟ್ಟಾಕ ಬಿಡ್ಲಿಲ್ಲ. ಈಗ ನೋಡ್ರಿ, ನಿಮ್ ಸಾಂಬಾರಿಗೆ ದಿನಾ ನೀರು ನಾನ ಹಾಕಾಕತ್ತೀನಿ.”

ಗಫೂರ್ ಒಬ್ಬನೇ ನಕ್ಕ. ಎಲ್ಲರ ಹಿಂದೆ ನಿಂತಿದ್ದ ಮಹಾಬಲೇಶ್ವರ ತನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿಕೊಂಡು, ರಾಮಮೂರ್ತಿಯ ಕಡೆ ಒಂದೇ ಒಂದು ಸಲ ನೋಡಿದ.

ಕ್ಯಾಂಪಿಗೆ ವಾಪಸು ಬಂದಾಗ ವ್ಯಾನಿನ ಬಳಿ ರಾಮಮೂರ್ತಿ ಕಾಯುತ್ತಿದ್ದ.

“ನಿನ್ ನಾಲಿಗೆಗೆ ಬೆಂಕಿ ಹಾಕ. ಮರ್ಯಾದೆ ಕೊಟ್ಟು ಒಂದು ಜಾತಿ ಕೊಟ್ಟಿದ್ನಲ್ಲೇ, ಇಟ್ಕೊಳ್ಳೋಕಾಗ್ಲಿಲ್ವಾ? ಕೇರಿ ಬುದ್ಧಿ ಎಲ್ಲೋದ್ರೂ ಬಿಡಲ್ಲ. ಸ್ಟಾಕ್‌ಹೋಮಿಗೆ ಹೋಗ್ಲಿ, ಮೊದ್ಲು ನಿನ್ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತೀನಿ. ಹೋಗಿ ಮತ್ತೆ ಕಲ್ಲು ಒಡಿ.”

ಹಾಸ್ಟೆಲಿನಲ್ಲಿದ್ದ ಮಗಳ ಮುಖ ಗಾಳೆಮ್ಮನ ಕಣ್ಣ ಮುಂದೆ ಬಂತು. ಒಳಗೆ ಹೋಗಿ ಕೈ ತೊಳೆದು ರಾತ್ರಿಯ ಅಡುಗೆಗೆ ಬೇಳೆ ಇಟ್ಟಳು. ಗಫೂರ್ ಚಕ್ಕೆ, ಲವಂಗ, ಮೆಣಸಿನಕಾಯಿ ಹುರಿದ. ಸಂಜೆಗೆ ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತು ಆಯಿತು. ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ ಬಿತ್ತು. ಇನ್ನೊಂದು ಪಾತ್ರೆಯಲ್ಲಿ ಮೊಸರನ್ನ.

ಆ ಹೊತ್ತಿಗೆ ಕಿಂಡಿಯಾಚೆ ಹಾಲಿನಲ್ಲಿ ಸಭೆ ಸೇರಿತ್ತು. ಮಾತು ಚೆನ್ನಾಗಿ ಕೇಳಿಸುತ್ತಿತ್ತು.

“ನಮ್ಮದೇನೂ ಅಬ್ಜೆಕ್ಷನ್ ಇಲ್ಲ. ನಾವೆಲ್ಲ ಓದಿದವರು,” ಎನ್ನುತ್ತಿದ್ದ ಮಹಾಬಲೇಶ್ವರ. “ಇದು ನಂಬಿಕೆ ಪ್ರಶ್ನೆ. ರಾಮಮೂರ್ತಿಯವರು ನಮಗೆ ಬೇರೆ ಹೇಳಿದ್ರು. ಹಿರಿಯರು ಇದಾರೆ, ಅತ್ತೆಯವರ ಸೆಂಟಿಮೆಂಟ್ ನೋಡ್ಬೇಕಾಗುತ್ತೆ.”

“ಅವಳು ನನ್ನನ್ನ ಎಲ್ಲರ ಮುಂದೆ ಇನ್ಸಲ್ಟ್ ಮಾಡಿದ್ಲು,” ಇದು ವಿಶಾಲ್.

“ಸಾರ್, ನಾವು ಸ್ವೀಡನ್ನಲ್ಲಿದೀವಿ, ಇದು ಸರಿಯಲ್ಲ,” ಎಂದಿತು ಒಂದು ಎಳೆಯ ದನಿ. ಸಂಕೇತ್ ಎಂಬ ಹುಡುಗ, ಲಿಂಕೋಪಿಂಗಿನಲ್ಲಿ ಎಂಎಸ್ ಓದುವವನು.

“ಸಂಕೇತ್, ನೀವಿನ್ನೂ ಚಿಕ್ಕವರು. ಯಾರಿಗೂ ನೋವಾಗದ ಹಾಗೆ ಒಂದು ಸಲ್ಯೂಷನ್ ಇದೆ. ಆಯಮ್ಮ ಹೊರಗಡೆ ಪಾತ್ರೆ ತೊಳ್ಕೊಂಡಿರಲಿ. ಅಡುಗೆ ಎಲ್ಲ ಗೋಪಾಲ ಒಬ್ಬನೇ ಮಾಡಲಿ. ಏನಪ್ಪಾ ಗೋಪಾಲಾ, ಆಗುತ್ತಲ್ಲ?”

ಗಫೂರ್ ಸೌಟು ಕೆಳಗಿಟ್ಟ. ಕಿಂಡಿಯ ಹತ್ತಿರ ಹೋಗಿ ಎರಡೂ ಮೊಣಕೈ ಊರಿ ಒಳಗೆ ತಲೆ ಹಾಕಿದ. ಮಾತಾಡಲು ಹೋದವನಿಗೆ ನಗು ಬಂತು. ತಡೆದ. ಮತ್ತೆ ಬಂತು. ಮುಂಗೈಯಿಂದ ಕಣ್ಣು ಒರೆಸಿಕೊಂಡ.

“ಸಾರ್, ನನ್ ಹೆಸ್ರು ಗಫೂರ್. ದಾವಣಗೆರೆ. ನಮ್ಮಪ್ಪ ಮಂಡಕ್ಕಿ ಭಟ್ಟೀಲಿದ್ರು. ಮೂರು ದಿನದಿಂದ ನಿಮ್ಗೆ ಮೊಸರನ್ನ ಕಲೆಸ್ತಿರೋ ಕೈ ಇದೇ ಸಾರ್.”

ಮಹಾಬಲೇಶ್ವರನ ಹೆಂಡತಿ ಮೀರಾ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ರಾಮಮೂರ್ತಿ ಕುರ್ಚಿಯಿಂದ ಎದ್ದ.

“ಸಾರ್, ತಪ್ಪಾಯ್ತು. ನಂಗೂ ಇವ್ರು ಮೋಸ ಮಾಡಿದ್ರು. ಈ ಅಡುಗೆ ಯಾರೂ ಮುಟ್ಬೇಡಿ, ಎಲ್ಲ ಚೆಲ್ಲಿಸ್ತೀನಿ. ಈಗ್ಲೇ ಊರೊಳಗೆ ಹೋಗಿ ಎಲ್ರಿಗೂ ಪಿಜ್ಜಾ ತರ್ತೀನಿ. ವೆಜ್ ಪಿಜ್ಜಾ.”

“ಹೋಗ್ಬನ್ನಿ ಸಾರ್,” ಎಂದ ಗಫೂರ್ ಕಿಂಡಿಯಿಂದಲೇ. “ಸರ್ಕಲ್ ಪಕ್ಕದ ಅಂಗಡಿಗೇ ಹೋಗಿ. ಮೊನ್ನೆ ಐಸ್ ಕೇಳೋಕೆ ಹೋದಾಗ ಆ ಯಜಮಾನ್ರು ಸಲಾಂ ಹೇಳಿ ಟೀ ಕುಡಿಸಿದ್ರು. ಸಿರಿಯಾದವರು. ನಮ್ ಜನಾನೇ.”

ಮಹಾಬಲೇಶ್ವರ ಗಂಟಲು ಸರಿಮಾಡಿಕೊಂಡ. “ಅದು ಕಮರ್ಷಿಯಲ್ ಕಿಚನ್. ಅದು ಬೇರೆ.”

ರಾಮಮೂರ್ತಿ ಅಡುಗೆಮನೆಗೆ ನುಗ್ಗಿ, ಎರಡೂ ಪಾತ್ರೆ ತೋರಿಸಿ, “ನಾನು ಬರೋದ್ರೊಳಗೆ ಇದನ್ನ ಹೊರಗೆ ಚೆಲ್ಲಿ ಪಾತ್ರೆ ತೊಳೆದಿಟ್ಟಿರ್ಬೇಕು, ನಾಯಿಗಳಾ,” ಎಂದು ವ್ಯಾನ್ ಹತ್ತಿ ಹೋದ.

ಗಾಳೆಮ್ಮ ಬಿಸಿಬೇಳೆಬಾತಿನ ಮುಚ್ಚಳ ತೆಗೆದು ನೋಡಿದಳು. ಹಬೆ ಮುಖಕ್ಕೆ ಹೊಡೆಯಿತು. ಹೆದರಿಕೆ ಇನ್ನೂ ಹೋಗಿರಲಿಲ್ಲ, ಆದರೆ ಹಸಿವೂ ಆಗುತ್ತಿತ್ತು.

“ಇದನ್ನ ಚೆಲ್ಲಾದಾ?”

“ಹೊರಗೆ ಅಂದ್ರಲ್ಲಕ್ಕ. ಹೊರಗೆ ಒಯ್ಯಾಣ,” ಎಂದ ಗಫೂರ್. “ಹೆಂಗೂ ಪರ್ಮಿಟ್ ಹೋಯ್ತು. ಬೇರೆ ಯಜಮಾನನ್ನ ಹುಡುಕೋಕೆ ಸರ್ಕಾರ ಟೈಮ್ ಕೊಡ್ತೈತಂತೆ, ಪಿಜ್ಜಾದವ್ರು ಹೇಳಿದ್ರು. ಅವರಿಗೂ ಹೊಸದ್ರಲ್ಲಿ ಹಿಂಗೇ ಒಬ್ಬ ಗಂಟು ಬಿದ್ದಿದ್ನಂತೆ.”

“ಅದನ್ನ ಮೊದ್ಲ ಹೇಳಾಕ ಏನಾಗಿತ್ತಲೇ ನಿನಗ?”

“ನೀನು ಇವತ್ತು ಗಣೀಲಿ ಬಾಯಿ ಬಿಡ್ತೀಯ ಅಂತ ನಂಗೇನ್ ಗೊತ್ತು?”

ಅವರು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎರಡೂ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ಒಯ್ದರು. ಕ್ಯಾಂಪಿನ ನಡುವೆ ಹುಲ್ಲಿನ ಮೇಲೆ ಉದ್ದ ಮರದ ಮೇಜುಗಳಿದ್ದವು. ಸುತ್ತ ಕ್ಯಾರವಾನುಗಳು, ಜರ್ಮನಿಯ ಪ್ರವಾಸಿಗರು, ಊರು ಕಟ್ಟುವ ಕೆಲಸಕ್ಕೆ ಬಂದು ಅಲ್ಲೇ ಬಿಡಾರ ಹೂಡಿದ್ದ ಪೋಲೆಂಡಿನ ಕೂಲಿಯವರು. ಬಿಸಿಲು ಮಧ್ಯಾಹ್ನದ ಹಾಗೆ ಬಿದ್ದಿತ್ತು. ಪಾತ್ರೆ ಮೇಜಿನ ಮೇಲೆ ಕೂರುವಾಗ ಎದುರಿನಿಂದ ಮಾರಿತ್ ಬಂದಳು. ಕಾಂಚನಾ ಬಸ್ಸಿನಲ್ಲಿ ಮರೆತಿದ್ದ ಶಾಲು ಅವಳ ಕೈಯಲ್ಲಿತ್ತು.

ಗಾಳೆಮ್ಮ ಒಂದು ತಟ್ಟೆ ತುಂಬಿ ಅವಳ ಮುಂದೆ ಹಿಡಿದಳು. “ವಾರ್ಶೋಗೂದ್, ಮಾರೆಮ್ಮಾ.” ತಗೊಳ್ಳಿ ಎನ್ನುವುದಕ್ಕೆ ಅಲ್ಲಿನ ಮಾತು ಅದು.

ಮಾರಿತ್ ಒಂದು ಚಮಚ ಬಾಯಿಗಿಟ್ಟಳು. ಅವಳ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಇನ್ನೊಂದು ಚಮಚ ಇಟ್ಟಳು. ಆಮೇಲೆ ಕ್ಯಾರವಾನುಗಳ ಕಡೆ ತಿರುಗಿ, ಆ ಊರಿನವರಿಗೆ ಒಪ್ಪದಷ್ಟು ದೊಡ್ಡ ದನಿಯಲ್ಲಿ ಏನೋ ಕೂಗಿದಳು. ಪೋಲೆಂಡಿನವರು ತಮ್ಮ ತಟ್ಟೆ ತಾವೇ ತಂದರು. ಜರ್ಮನ್ ಮುದುಕನೊಬ್ಬ ಕುರ್ಚಿಯನ್ನೇ ಎತ್ತಿಕೊಂಡು ಬಂದ. ಎಷ್ಟು ಕೊಡಬೇಕು ಎಂದು ಕೇಳಿದವರಿಗೆಲ್ಲ ಗಾಳೆಮ್ಮ, “ಗ್ರಾತಿಸ್, ಗ್ರಾತಿಸ್, ಪುಕ್ಕಟೆ,” ಎಂದು ಸೌಟು ಆಡಿಸಿದಳು. ಸಾಲು ಬೆಳೆಯಿತು. ಮೊಸರನ್ನದ ಮುಂದೆ ಗಫೂರ್ ನಿಂತು ಖಾರಕ್ಕೆ ಬಾಯಿ ತೆರೆದವರನ್ನೆಲ್ಲ ತನ್ನ ಕಡೆ ಕರೆದುಕೊಂಡ.

ಹಾಲಿನ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಮೊದಲು ಸಂಕೇತ್ ಬಂದು ಸಾಲಿನ ಕೊನೆಗೆ ನಿಂತ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಬಾಗಿಲು ತೆರೆದುಕೊಂಡು ಕಾಂಚನಾ ಹೊರಬಂದರು. ಹಿಂದೆಯೇ ಅಳಿಯ.

“ಅತ್ತೆ, ಪಿಜ್ಜಾ ಬರುತ್ತೆ.”

“ಯಾವಾಗ? ನನ್ನ ಹೆಸರು ಹೇಳಿ ನೀನು ಬೇಕಾದ್ರೆ ಉಪವಾಸ ಬೀಳಪ್ಪ. ನನಗೆ ಮಾತ್ರೆ ತಗೊಳ್ಳೋ ಹೊತ್ತಾಯ್ತು.”

ಮುದುಕಿ ಸಾಲಿನಲ್ಲಿ ನಿಂತು, ಸರದಿ ಬಂದಾಗ ತಟ್ಟೆಯನ್ನು ಎರಡೂ ಕೈಯಲ್ಲಿ ಸಾಧ್ಯವಾದಷ್ಟು ಕೆಳಗೆ, ಸಾಧ್ಯವಾದಷ್ಟು ದೂರಕ್ಕೆ ಹಿಡಿದರು. ಮೇಲಿನಿಂದ ಬೀಳಲಿ, ಸೌಟು ತಾಗದಿರಲಿ ಎನ್ನುವ ಹಾಗೆ. ಅದು ಅವರ ಕೈಗಳಿಗೆ ಯೋಚನೆಯೇ ಇಲ್ಲದೆ ಬಂದ ಅಭ್ಯಾಸವಾಗಿತ್ತು. ಗಾಳೆಮ್ಮ ಬಗ್ಗಿ, ಸೌಟನ್ನು ತಟ್ಟೆಗೆ ತಾಗಿಸಿ ಟಣ್ ಎಂದು ಬಡಿದು ಬಡಿಸಿದಳು. ಕಾಂಚನಾ ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ತುಪ್ಪ ಹರಿಯುತ್ತಿದ್ದ ಬಾತನ್ನು ನೋಡಿದರು.

“ಗೋಡಂಬಿ ಎರಡು ಜಾಸ್ತಿ ಹಾಕು,” ಎಂದರು.

ಮಹಾಬಲೇಶ್ವರ ಒಳಗೆ ಹೋದ. ವಿಶಾಲ್ ಹೊರಗೂ ಬರಲಿಲ್ಲ, ಕಿಟಕಿಯನ್ನೂ ಬಿಡಲಿಲ್ಲ.

ವ್ಯಾನು ವಾಪಸು ಬಂದಾಗ ರಾಮಮೂರ್ತಿಯ ಕೈಯಲ್ಲಿ ಪಿಜ್ಜಾ ಇರಲಿಲ್ಲ. ಮರುದಿನ ಹಬ್ಬವಾದ್ದರಿಂದ ಅಂಗಡಿಗಳು ಬೇಗ ಮುಚ್ಚಿದ್ದವು. ಇಳಿದವನು ಮೇಜನ್ನು, ಸಾಲನ್ನು, ಸಾಲಿನಲ್ಲಿದ್ದ ತನ್ನ ಗಿರಾಕಿಗಳನ್ನು ನೋಡಿ ನಿಂತುಬಿಟ್ಟ. ಆಮೇಲೆ ಹತ್ತಿರ ಬಂದು, ಹಲ್ಲು ಕಚ್ಚಿ, ಬೇರೆಯವರಿಗೆ ನಗುವಿನ ಹಾಗೆ ಕಾಣುವಂತೆ ತುಟಿ ಹಿಗ್ಗಿಸಿ ಹೇಳಿದ.

“ಯಾರನ್ನ ಕೇಳಿ ಇದನ್ನೆಲ್ಲ ಮಾಡಿದ್ರಿ? ಯಾರಪ್ಪಂದು ಅಕ್ಕಿ?”

“ಹೊರಗ ಚೆಲ್ಲು ಅಂದ್ರಿ ಸಾರ್. ಚೆಲ್ಲಾಕತ್ತೀವಿ, ತಟ್ಟಿಯೊಳಗ.” ಗಾಳೆಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು. ಸೊಂಟ ಹಿಡಿದಿತ್ತು. ಬೆಳಗಿನ ಚಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. “ನಾವು ಇನ್ನೂ ಉಂಡಿಲ್ಲ. ಹಿಡೀರಿ ಇದನ್ನ.”

ಅವಳು ಸೌಟನ್ನು ಅವನ ಕೈಗಿಟ್ಟಳು. ಅವನಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅವಳು ತನಗೂ ಗಫೂರ್‌ಗೂ ಎರಡು ತಟ್ಟೆ ತುಂಬಿಸಿಕೊಂಡಾಗಿತ್ತು. ಇಬ್ಬರೂ ಮೇಜಿನ ತುದಿಗೆ ಹೋಗಲಿಲ್ಲ. ಮಾರಿತ್ ಸರಿದು ಜಾಗ ಮಾಡಿದ ಕಡೆ, ಎಲ್ಲರ ನಡುವೆ, ಕಾಂಚನಾರ ಎದುರಿಗೆ ಕೂತರು. ಗಫೂರ್ ಬಿಸ್ಮಿಲ್ಲಾ ಎಂದು ಕೈ ಹಾಕಿದ.

ಸಾಲು ಹಾಗೇ ನಿಂತಿತ್ತು. ಮುಂದೆ ಸಿಮೆಂಟು ಮೆತ್ತಿದ ಬೂಟಿನ ದೊಡ್ಡ ಆಳೊಬ್ಬ ತಟ್ಟೆ ಚಾಚಿ ರಾಮಮೂರ್ತಿಯ ಮುಖ ನೋಡಿ ನಗುತ್ತಿದ್ದ. ರಾಮಮೂರ್ತಿ ಸೌಟು ಹಿಡಿದು ಆ ಕಡೆ ಈ ಕಡೆ ನೋಡಿದ. ಹಿಂದೆ ಯಾರೋ ಅಸಹನೆಯಿಂದ ತಟ್ಟೆ ತಟ್ಟಿದರು.

ಗಾಳೆಮ್ಮ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೂಗಿ ಹೇಳಿದಳು.

“ತಳದಿಂದ ತಿರುವಿ ಬಡಸ್ರಿ ಸಾರ್. ತರಕಾರಿ ಎಲ್ಲ ತಳದಾಗ ಕುಂತೈತಿ.”

ರಾಮಮೂರ್ತಿ ಸೌಟನ್ನು ತಳಕ್ಕೆ ಇಳಿಸಿದ.